ಮುಂದಿನ ಸೊನ್ನೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸು, ತೂಕದ ಕೋಣೆ.
ಕಿಟಕಿಯಾಚೆ ಬೀಜ ಆರಿಸುವ ಹೆಂಗಸರು,
ಕಪ್ಪು ಕಾಳು ಆ ಕಡೆ, ಒಡಕು ಈ ಕಡೆ.
ನನ್ನದೂ ಅದೇ ಕೆಲಸ, ಪರದೆಯ ಮೇಲೆ:

ಮೂಟೆಗೆ ಐವತ್ತು. ಪೂರ್ಣಾಂಕ, ಹಾಗೇ ಬರೆ.
ತೇವ ಹನ್ನೊಂದೂವರೆ, ನಡುವೆ ಚುಕ್ಕಿ ಇಡು.
ದರ್ಜೆ ಒಂದೇ ಅಕ್ಷರ, ಉದ್ಧರಣ ಚಿಹ್ನೆಯೊಳಗೆ
(ನಾನದನ್ನು ಕೊಕ್ಕೆ ಅನ್ನುತ್ತೇನೆ), ಒಂಟಿ ಕೊಕ್ಕೆ.
ಹೆಸರಿಗೆ ಜೋಡಿ ಕೊಕ್ಕೆ; ಮುಚ್ಚಲು ಮರೆತೆಯೋ
ಮುಂದಿನದೆಲ್ಲವನ್ನೂ ಹೆಸರೆಂದೇ ನುಂಗುತ್ತದೆ.
ಹಾಜರಿ ನಿಜ, ಇಲ್ಲವೇ ಸುಳ್ಳು. ಕೊಕ್ಕೆ ಬೇಡ:
ಕೊಕ್ಕೆ ಹಾಕಿದ ನಿಜ
ಬರೀ ನಿಜವೆಂಬ ಪದ.

ಉಳಿದದ್ದು ಬಿಲ್ಲೆ. ಹಿತ್ತಾಳೆಯದು, ಮೂರಂಕಿ ಕೆತ್ತಿದ್ದು.
ಕೆತ್ತಿದಂತೆಯೇ ಬರೆದೆ. 007 ಒಪ್ಪಿತು.
008ಕ್ಕೆ ಯಂತ್ರ ಕಿರುಚಿತು, 009ಕ್ಕೂ.
ಯಾಕೆಂದು ಕೇಳದೆ ಆ ಎರಡರ ಸೊನ್ನೆ ಕಿತ್ತು
ಊಟಕ್ಕೆ ಎದ್ದೆ.
010 ತಕರಾರೇ ಇಲ್ಲದೆ ಒಳಗೆ ಹೋಗಿತ್ತು.

ಶನಿವಾರ ಬಟವಾಡೆ. ಲೂಸಿ ಮಥಾಯಸ್, ಬಿಲ್ಲೆ ಎಂಟು,
ಎರಡಾಳಿನ ಕೂಲಿ ಎಣಿಸಿ, ಮತ್ತೆ ಎಣಿಸಿ, ವಾಪಸು ತಂದಳು:
"ಇದ್ರಲ್ಲಿ ಅರ್ಧ ನಂದಲ್ಲ ನಾಜಿಮಾ, ನೋಡು."
ಅವಳ ಹಿಂದೆ ಸಿಂಗಾರಮ್ಮ, ಬಿಲ್ಲೆ ಹತ್ತು,
ಬರಿಗೈ.

ಆಮೇಲೆ ತಿಳಿಯಿತು. ಮೊದಲಲ್ಲೇ ಸೊನ್ನೆ ಕಂಡರೆ
ಈ ಭಾಷೆ ಎಂಟೆಂಟರ ಕಟ್ಟು ಕಟ್ಟಿ ಎಣಿಸುತ್ತದೆ.
ಅದರ ಹತ್ತು, ನಮ್ಮ ಎಂಟು.
ಕಿರುಚಿದ ತಪ್ಪನ್ನು ತಿದ್ದಿದ್ದೆ;
ಸುಮ್ಮನಿದ್ದದ್ದು ಕೂಲಿ ತಿಂದಿತ್ತು.

ಹೇಗೆ ಹೇಳಲಿ ಆಕೆಗೆ? "ಮುಂದಿನ ಸೊನ್ನೆ," ಅಂದೆ, ಅಷ್ಟೇ.
ಸಿಂಗಾರಮ್ಮ ಸಂಬಳದ ಪುಸ್ತಕ ತಿರುಗಿಸಿ
ತನ್ನ ಹೆಸರಿನ ಮೇಲೆ ಬೆರಳಿಟ್ಟಳು, ಸಿ ಪಕ್ಕದಲ್ಲಿ:
"ಇಲ್ಲೂ ಒಂದು ಸೊನ್ನೆ ಐತಲ್ಲ,
ಹೋದ ವರ್ಷ ಬ್ಯಾಂಕಿನೋರು ಇದನ್ನ ಬಿಟ್ಟಿದ್ರು.
ಸಿಗಾರಮ್ಮ ಅಂತ ಯಾರೋ ಒಬ್ಬಳು
ಮೂರು ತಿಂಗಳು ನನ್ನ ದುಡ್ಡು ಇಟ್ಕೊಂಡಿದ್ಳು."

ನಗಬೇಕೋ ಬೇಡವೋ.
ಲೂಸಿ ನಕ್ಕಳು, ನಾನು ನಗಲಿಲ್ಲ.

ಸಂಜೆ ಕೂತು ಯೋಚಿಸಿದೆ: ಬಿಲ್ಲೆಗೆ ಬಿಲ್ಲೆಯನ್ನು
ಯಾರು, ಯಾವತ್ತು ಕೂಡಿದ್ದಾರೆ? ಕಳೆದಿದ್ದಾರೆ?
ಅಂಕಿಯ ವೇಷದಲ್ಲಿದ್ದರೂ ಅದು ಹೆಸರೇ.
ಜೋಡಿ ಕೊಕ್ಕೆ ತೆರೆದೆ, "010", ಸೊನ್ನೆ ಸಮೇತ,
ಮರೆಯದೆ ಮುಚ್ಚಿದೆ.

ಗೇಟಿನ ಬಳಿ ಆಕೆ ಬಿಲ್ಲೆಯನ್ನು
ಸೆರಗಿನ ತುದಿಗೆ ಸುತ್ತಿ,
ಈ ಕಡೆಗೊಂದು, ಆ ಕಡೆಗೊಂದು
ಗಂಟು ಹಾಕುತ್ತಿದ್ದಳು.