ಎಡಗಣ್ಣು

ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು
ತಂದಳು ಜುಲೈಡಿ, ತನ್ನ ಅಪ್ಪನನ್ನು.
ಕ್ರಾಟೊ ಊರಿನ ಮಧ್ಯಾಹ್ನ. ನನ್ನ ಅಂಗಡಿಯ ಫ್ಯಾನು ಕೆಟ್ಟು ಮೂರು ದಿನ.
ಮೊಟ್ಟೆಯಾಕಾರದ ಚೌಕಟ್ಟು, ಉಬ್ಬಿದ ಗಾಜು,
ಒಳಗೆ ನೀಲಿ ಕೋಟು, ಕೆಂಪು ಟೈ,
ಇಸ್ತ್ರಿ ಮುರಿಯದ ಕಾಲರು.
"ಎಡಗಣ್ಣು ಉದುರುತ್ತಿದೆ," ಅಂದಳು.
"ಮೊನ್ನೆ ಗುಡಿಸುವಾಗ ಸಿಕ್ಕಿತು."
ಬೆಂಕಿಪೊಟ್ಟಣ ತೆರೆದು ತೋರಿಸಿದಳು:
ಎಳ್ಳಿನಷ್ಟು ಕಪ್ಪು.
ಅಪ್ಪನ ಪಾಪೆ.

ನಮ್ಮ ಸಿಯಾರಾ ಸೀಮೆಗೆ ಇದು ಹಳೆಯ ಕಸುಬು.
ಕತ್ತೆಯೇರಿ ಬರುತ್ತಿದ್ದರು ಪಟದ ದಲಾಲರು,
ಮನೆಮನೆಯ ಅಲಮಾರಿನಿಂದ
ಹೆಬ್ಬೆರಳಗಲದ ಫೋಟೊಗಳನ್ನೆತ್ತಿ ಲಕೋಟೆಗೆ ಹಾಕಿ
ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು:
ಗಂಡನಿಗೆ ಕೋಟು. ಹೆಂಡತಿಗೆ ಮುತ್ತಿನ ಓಲೆ.
ಕೂಸಿನ ಬರಿಗಾಲಿಗೆ ಷೂ.
ಬೇರೆ ಬೇರೆ ವರ್ಷ ಸತ್ತವರನ್ನು
ಒಂದೇ ಬೆಂಚಿನಲ್ಲಿ ಕೂರಿಸಲು ಎರಡು ಕ್ರುಜೇರು ಹೆಚ್ಚು.
ಆರು ತಿಂಗಳಿಗೆ ಮರಳಿ ಬರುವಾಗ
ಎಲ್ಲರೂ ದೊಡ್ಡವರಾಗಿರುತ್ತಿದ್ದರು,
ಎಲ್ಲರ ಕೆನ್ನೆಯೂ ಗುಲಾಬಿ.

ಗಾಜು ಬಿಚ್ಚಿದೆ.
ಹಿಂದಿನ ಹಲಗೆಯನ್ನು ಹಿಟ್ಟು ಮಾಡಿದ ಗೆದ್ದಲು
ಹಾಳೆಗೂ ಬಾಯಿಟ್ಟು, ಭುಜದವರೆಗೆ ಬಂದು, ಯಾಕೋ ನಿಲ್ಲಿಸಿತ್ತು.
ಬೂಷ್ಟಿಗೆ ಸ್ಪಿರಿಟ್ಟು, ಧೂಳಿಗೆ ಮೆತ್ತನೆ ಕುಂಚ,
ಮಿಕ್ಕದ್ದಕ್ಕೆ ಉಗುಳು. ನಗಬೇಡಿ,
ಅಷ್ಟು ಹದವಾದ ದ್ರಾವಣ
ಯಾವ ಸೀಸೆಯಲ್ಲೂ ಸಿಕ್ಕಿಲ್ಲ ನನಗೆ.
ಎಂಜಲು ಹತ್ತಿಯಲ್ಲೇ ತೊಳೆದೆ ದೊಡ್ಡವರ ಹಣೆ.

ಆಮೇಲೆ ಭೂತಗನ್ನಡಿ ಹಿಡಿದು
ಎಡಗಣ್ಣಿನ ಹಕ್ಕಳೆ ಸರಿಸಿದರೆ
ಅಡಿಯಲ್ಲಿ ಕಣ್ಣಿಲ್ಲ.
ರೆಪ್ಪೆ ಇತ್ತು. ಮುಚ್ಚಿದ ರೆಪ್ಪೆ.
ನೀಲಿ ಕೋಟು ಸವೆದ ಅಂಚಿನಲ್ಲಿ
ಒಂದು ಹೂವಿನ ನೆರಳು, ಮರದ ಪೆಟ್ಟಿಗೆಯ ಬದಿ.

ಇದ್ದದ್ದು ಒಂದೇ ಫೋಟೊ, ಅದೂ ಹೋದ ಮೇಲೆ ತೆಗೆದದ್ದು.
ಹಾಳೆಯ ಬೆನ್ನಿನಲ್ಲಿ ಗೆದ್ದಲು ಬಿಟ್ಟ ನಾಲ್ಕು ಪದ:
ಟೈ ಕೆಂಪು. ಕಣ್ಣು ಬಿಡಿಸಿ.

ಬಿಡಿಸಿದ ಮೇಸ್ತ್ರಿ ಎಲ್ಪೀದಿಯು. ಆತನ ಕೈ ನನಗೆ ಗೊತ್ತು.
ಆ ವರ್ಷ ಆತನ ಬಳಿ ಇದ್ದದ್ದು ಒಂದೇ ಜೊತೆ ಕಣ್ಣು:
ಜೇನುಬಣ್ಣ, ಮೂಲೆಯಲ್ಲಿ ಬೆಳಕಿನ ಚುಕ್ಕೆ.
ಅವನ್ನೇ ಕೊಟ್ಟ ಬೇಕರಿಯವನಿಗೆ, ಪಾದ್ರಿಯ ಅಕ್ಕನಿಗೆ,
ಸೂಲಗಿತ್ತಿಗೆ, ಮೂರನೇ ದಿನ ಹೋದ ಅವಳಿಗಳಿಗೆ.
ನನ್ನ ಅಜ್ಜಿಗೂ.
ಬೆಲ್ಲ ಕದ್ದು ತಿನ್ನುವಾಗ
ನಾನು ಹೆದರುತ್ತಿದ್ದುದು ಆ ಕಣ್ಣಿಗೇ.

ಇಲ್ಲದ್ದನ್ನು ಸೇರಿಸಬೇಡ, ಇದ್ದದ್ದನ್ನು ಮುಚ್ಚಬೇಡ,
ಎಂದಿದ್ದರು ಕೆಲಸ ಕಲಿಸಿದವರು.
ಈ ಕಣ್ಣು ಇದ್ದದ್ದೋ? ಇಲ್ಲದ್ದೋ?
ಎರಡು ರಾತ್ರಿ ಅದನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟೆ.

ಶುಕ್ರವಾರ ಬಂದಳು. ಭೂತಗನ್ನಡಿ ಮುಂದೆ ಚಾಚಿದೆ.
ತೆಗೆದುಕೊಳ್ಳಲಿಲ್ಲ.
"ಗೊತ್ತು, ಅಮ್ಮ ಹೇಳಿದ್ದಳು,"
ಚೀಲದಲ್ಲಿ ಮನೆಯ ಚಾವಿ ತಡಕುತ್ತ ಅಂದಳು,
"ನಾನಿನ್ನೂ ಹೊಟ್ಟೆಯಲ್ಲಿದ್ದೆ.
ಅಪ್ಪ ನನ್ನನ್ನು ನೋಡಿದ್ದೇ ಈ ಪಟ ಬಂದ ಮೇಲೆ."

ಚಿಮುಟದಲ್ಲಿ ಆ ಎಳ್ಳನ್ನೆತ್ತಿ, ಮೀನಂಟು ತಾಗಿಸಿ,
ಉಸಿರು ಕಟ್ಟಿ, ಇದ್ದಲ್ಲಿಗೆ ಇಟ್ಟೆ.
ಸುತ್ತ ಉದುರಿದಲ್ಲಿ ಜೇನುಬಣ್ಣ ತುಂಬಲಿಲ್ಲ,
ತೆಳ್ಳಗೆ ಬೂದು ನೀರುಬಣ್ಣ, ಬೇಡವಾದರೆ ಯಾರಾದರೂ ಒರೆಸಲಿ.
ಮೂಗು ತಾಗುವಷ್ಟು ಹತ್ತಿರ ಹೋದರೆ ರೆಪ್ಪೆ.
ಗೋಡೆಯ ಮೇಲಿದ್ದರೆ ಕಣ್ಣು.

ಬಿಲ್ಲಿನಲ್ಲಿ ಗಾಜು ಬರೆದೆ, ಹಲಗೆ, ಗೆದ್ದಲಿನ ಮದ್ದು.
ಕಣ್ಣು ಬರೆಯಲಿಲ್ಲ.

ಬೆಡ್‌ಶೀಟು ಇಲ್ಲೇ ಮರೆತಳು.
ಅಪ್ಪನನ್ನು ಹಾಗೇ, ಮುಖ ಮುಂದೆ ಮಾಡಿ
ಬಸ್ಸು ಹತ್ತಿಸಿದಳು.