ಕರೆಗೊಂಬೆ

ಇಲ್ಲಿ ಮರೆಯಿಲ್ಲ ವೆನ್ಸೆಲ್, ಮೊದಲು ಅದನ್ನು ತಿಳಿ.
ನಿಯೊಬ್ರಾರಾ ಹೊಳೆಯಂಚಿನ ಕಾಟನ್‌ವುಡ್ ಮರಗಳು ಮುಗಿದರೆ
ಹುಲ್ಲು, ಹುಲ್ಲಿನ ಮೇಲೆ ಗಾಳಿ,
ಗಾಳಿಯ ಮೇಲೆ ಮತ್ತೇನೂ ಇಲ್ಲ.
ಅರ್ಧ ಮೈಲಿಯಾಚೆ ನೀನು ಮೂಗು ತುರಿಸಿಕೊಂಡರೆ
ಯಾವ ಬೆರಳಿನಲ್ಲೆಂದೂ ಗೊತ್ತು ಟರ್ಕಿ ಹುಂಜಕ್ಕೆ.

ಅದಕ್ಕೇ ಈ ರಬ್ಬರ್ ಹೇಂಟೆ.
ಬೆದರುಗೊಂಬೆಯ ತಂಗಿ ಅನ್ನು: ಅಕ್ಕ ಹೋಗೆನ್ನುತ್ತಾಳೆ,
ಇವಳು ಬಾ ಎನ್ನುತ್ತಾಳೆ.
ತಗ್ಗಿನಲ್ಲಿಡಬೇಡ, ದಿಬ್ಬದ ನೆತ್ತಿಗಿಡು, ದೂರಕ್ಕೆ ಕಾಣಲಿ.
ಇಪ್ಪತ್ತು ಹೆಜ್ಜೆ. ನಿನ್ನವಲ್ಲ, ನನ್ನ ಹೆಜ್ಜೆ.
ಎಳೆ ಹುಂಜದ ಮುಖ ಮಾತ್ರ ನಮ್ಮ ಕಡೆಗೆ ತಿರುಗಿಸು,
ದೊಡ್ಡವನು ಜಗಳಕ್ಕೆ ಬರುವುದು ಮುಖಾಮುಖಿ,
ಆಗ ಅವನ ಬೆನ್ನು ನಮಗೆ.
ತಲೆಯ ಕೆಂಪು ಸುಲಿದುಹೋಗಿತ್ತು, ನನ್ನ ಉಗುರುಬಣ್ಣ ಬಳಿದಿದ್ದೇನೆ.
ನಗಬೇಡ. ಹೋದ ವರ್ಷ ಆ ತಲೆಗಾಗಿಯೇ
ಎರಡು ಹುಂಜ ಕಾದಾಡಿಕೊಂಡವು.

ಬಾಲದ ಆಚೆಗೊಂದು ಈಚೆಗೊಂದು ಕಡ್ಡಿ ನೆಡು.
ಗಾಳಿಗೆ ಒಂದಿಷ್ಟು ಅಲುಗಲಿ, ಸುತ್ತಬಾರದು,
ಗಿರಗಿರ ತಿರುಗುವ ಹೇಂಟೆಯನ್ನು ಯಾವ ಹಕ್ಕಿಯೂ ಕಂಡಿಲ್ಲ.
ನಿಂತಲ್ಲೇ ನಿಂತದ್ದನ್ನೂ ನಂಬುವುದಿಲ್ಲ ಅವು,
ಮೂರನೆಯ ದಿನಕ್ಕೆ ದಾರಿ ಬದಲಿಸುತ್ತವೆ.

ನಿಮ್ಮಪ್ಪ ನವೆಂಬರಿನಲ್ಲಿ ಯಾರದೋ ಕಾರು ಹತ್ತಿ ಹೋದ ಮೇಲೆ
ಡಾರ್ಲಾ ಪ್ರತಿ ಶನಿವಾರ ಅವನ ನೀಲಿ ಟ್ರಕ್ಕನ್ನು
ಕೊಟ್ಟಿಗೆಯಿಂದ ಗೇಟಿಗೆ ತಂದು ನಿಲ್ಲಿಸುತ್ತಿದ್ದಳು,
ಮರುವಾರ ಗೇಟಿನಿಂದ ಗಾಳಿಯಂತ್ರದ ಬುಡಕ್ಕೆ.
ಹಿಮದ ಮೇಲೆ ಒಂದೇ ಜೊತೆ ಬೂಟಿನ ಗುರುತು.
ನಾವೆಲ್ಲ ನೋಡಿದೆವು.
ಮೂರು ಮೈಲಿಯಾಚೆಯಿಂದ ಹ್ರುಬಿ ಮುದುಕನೂ ನೋಡಿದ,
ದುರ್ಬೀನು ಕೆಳಗಿಟ್ಟು
‘ಬೇಲಿ ರಿಪೇರಿಗೆ ಹೊರಟಿರಬೇಕು ಪಾಪ’ ಅಂದ.
ಆಮೇಲೆ ಕತ್ತಲಾದ ಮೇಲೆ ತಾನೇ ಬಂದು
ನಿಮ್ಮ ಬೇಲಿ ರಿಪೇರಿ ಮಾಡಿಹೋದ.

ನಿನಗೂ ಗೊತ್ತಿತ್ತು, ಸುಳ್ಳು ಹೇಳಬೇಡ.
ಅವಳು ಇಳಿದ ಮೇಲೆ ಸೀಟನ್ನು
ಅವನ ಕಾಲಿನುದ್ದಕ್ಕೆ ಹಿಂದೆ ಸರಿಸುತ್ತಿದ್ದವನು ನೀನೇ.

ಶ್.
ಹುಂಜ ಅಲ್ಲ, ಕರುಗಳು. ಕಪ್ಪು ಆಂಗಸ್ ಕರುಗಳಿಗೆ
ಭೂಮಿಯ ಮೇಲಿನದೆಲ್ಲ ಹೊಸದು.
ಒಂದು ಮೂಸಿತು, ಒಂದು ಹೆದರಿ ಹಾರಿತು,
ಇನ್ನೊಂದು ನನ್ನ ಉಗುರುಬಣ್ಣವನ್ನು ನೆಕ್ಕುತ್ತಲೇ ಇದೆ
ತಾಯಿ ಕರೆದರೂ ಕೇಳದೆ.
ಹೋಗ್ರೋ ಅತ್ಲಾಗೆ.

ಈಗ. ಹೊಳೆಯ ಕಡೆ. ಕತ್ತು ತಿರುಗಿಸಬೇಡ, ಕಣ್ಣು ಸಾಕು.
ಸೀಮೆಸುಣ್ಣ ಉಜ್ಜಿದ ಈ ಪೆಟ್ಟಿಗೆಯ ಮುಚ್ಚಳವನ್ನು
ಒಮ್ಮೆ ಎಳೆಯುತ್ತೇನೆ, ಒಮ್ಮೆ ಮಾತ್ರ,
ಬಹಳ ಕರೆದರೆ ಯಾರೂ ಬರುವುದಿಲ್ಲ.
ಕೇಳಿತೇ, ಗುಳುಗುಳುಗುಳು,
ಮೆಟ್ಟಿಲ ಮೇಲಿಂದ ಬೋಗುಣಿ ಉರುಳಿದ ಹಾಗೆ.
ಬಾಲ ಬಿಚ್ಚಿದ. ರೆಕ್ಕೆಯ ತುದಿ ನೆಲ ಗೀರುತ್ತಿದೆ.
ತಲೆ ಬೆಳ್ಳಗೆ, ಕತ್ತು ನೀಲಿ, ಎಳೆಯವನನ್ನು ಕಂಡದ್ದೇ
ಎಲ್ಲವೂ ಕೆಂಪು.
ಬಂದ. ಎದುರಿಗೆ ನಿಂತ. ಬೆನ್ನು ನಮಗೆ.
ಒಂದು ಕುಕ್ಕು. ರಬ್ಬರಿನ ಸದ್ದಿಗೆ ಬೆರಗಾಗಿ
ಕತ್ತು ಮೇಲೆತ್ತಿದ

ಸರಿ.
ಓಡಬೇಡ. ಮೊದಲು ಸೇಫ್ಟಿ ಹಾಕು.
ರೆಕ್ಕೆ ಬಡಿಯುವುದು ನಿಲ್ಲಲಿ, ಅದಕ್ಕೂ ಹೊತ್ತು ಬೇಕು.
ನೋಡು, ಗೊಂಬೆಗಳು ಇನ್ನೂ ಗಾಳಿಗೆ
ಆಚೆ ಈಚೆ, ಆಚೆ ಈಚೆ.

ಏನು ಕೇಳಿದೆ?
ಟ್ರಕ್ಕನ್ನು ಇನ್ನು ಸರಿಸಬೇಕೇ ಅಂತಲೇ?
ನಿಮ್ಮಮ್ಮನನ್ನು ಕೇಳು. ನನಗೆ ತಿಳಿದಿರುವುದು ಟರ್ಕಿ ಅಷ್ಟೇ.

ತಾ, ಕಾಲು ಕಟ್ಟೋಣ. ಇಪ್ಪತ್ತೆರಡು ಪೌಂಡು ಇದ್ದೀತು.
ಗೊಂಬೆಗಳನ್ನು ಹಾಗೇ ಹೆಗಲಿಗೆ ಹಾಕಿಕೊಳ್ಳಬೇಡ,
ಕಿತ್ತಳೆ ಬಣ್ಣದ ಚೀಲಕ್ಕೆ ತುಂಬು, ತಲೆ ಒಳಗೆ ಹೋಗಲಿ.
ಬಯಲು ಇದು. ಯಾವ ದಿಬ್ಬದ ಹಿಂದೆ ಯಾರು ಕೂತು
ನಿನ್ನನ್ನು ಏನೆಂದುಕೊಂಡಿದ್ದಾರೋ.