ಅಲ್ಪವಿರಾಮ

ಬೆಸಗರಹಳ್ಳಿ ಡೈರಿಯ ಚೀಟಿಯಲ್ಲಿ ಎಲ್ಲ ಸರಿಯಿತ್ತು:
ಜವರಮ್ಮ, ಕೋಂ ಲೇಟ್ ಬೋರಲಿಂಗಯ್ಯ.
ನಾಲ್ಕೂವರೆ ಲೀಟರು. ಫ್ಯಾಟು ಮೂರು ಪಾಯಿಂಟ್ ಎಂಟು.

ಮಂಡ್ಯದ ಗುತ್ತಲು ರಸ್ತೆಯ ನಮ್ಮ ಮಹಡಿ ಕೋಣೆಗೆ
ಬರುವಷ್ಟರಲ್ಲಿ ಸಾಲು ಒಂದು ಮನೆ ಸರಿದಿತ್ತು.
ಹೆಸರಿನ ನಡುವಿನ ಅಲ್ಪವಿರಾಮವನ್ನು
ಬೇಲಿಯೆಂದು ತಿಳಿದು ನಾನು ಬರೆದ ಕೋಡು
ಗಂಡನನ್ನು ಆಚೆ ದಾಟಿಸಿತ್ತು.
ಎಂದೋ ತೀರಿಕೊಂಡವನು
ಲೀಟರಿನ ಕಾಲಂನಲ್ಲಿ ಬಂದು ಕೂತಿದ್ದ.

ಅವನನ್ನು ಅಂಕಿ ಮಾಡಲು ನೋಡಿ, ಆಗದೆ,
ಯಾರಿಗೂ ಹೇಳದೆ
ಸೊನ್ನೆ ಬರೆದು ಮುಂದೆ ಹೋಗಿತ್ತು ಲೈಬ್ರರಿ.
ಹದಿನೈದು ದಿನದ ಬಟವಾಡೆ: ಸೊನ್ನೆ.

ಕಾರ್ಯದರ್ಶಿಗೆ ಫೋನು ಮಾಡಿ ರೇಗಿದೆ,
ಹೆಸರಲ್ಲಿ ಆ ಕೊಕ್ಕೆ ಯಾಕೆ ಹಾಕಿದ್ರಿ?
‘ಅಲ್ಲಿ ಉಸ್ರು ತಗಬೇಕಲ್ವ ಮೇಡಮ್ಮೋರೆ.’

ರಾತ್ರಿಯೆಲ್ಲ ಕೂತು ಕಲಿಸಿದೆ ಅದಕ್ಕೆ:
ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕು,
ಸಂತೆಯಲ್ಲಿ ಮಗುವಿನ ಎರಡೂ ಕೈ ಹಿಡಿದ ಹಾಗೆ.
ಒಳಗೇ ಆ ಚಿಹ್ನೆ ಬಂದರೆ ಎರಡು ಸಲ ಬರೆ.
ಗಂಟಿನೊಳಗಿನ ಚೀಟಿ ‘ಹೀಗೆ ಮಾಡು’ ಅಂದರೆ
ಮಾಡಬೇಡ. ಓದು, ಅಷ್ಟೇ.
ಬಾರದೇ ಇದ್ದದ್ದು ಬೇರೆ, ಸೊನ್ನೆ ಬೇರೆ.
ಗೊತ್ತಾಗದಿದ್ದರೆ ನಿಲ್ಲು. ಕೂಗು.

ಆಮೇಲೆ ಪರೀಕ್ಷೆಗೆ ಅವಳ ಸಾಲನ್ನೇ ಇಟ್ಟೆ.
ಕಟ್ಟು, ಬಿಚ್ಚು, ಪಕ್ಕಪಕ್ಕ ಇಟ್ಟು ನೋಡು.
ಈಗ ನಾನು ಏನೇ ತಿದ್ದಲಿ,
ಮೊದಲು ಜವರಮ್ಮ ಕ್ಯಾನು ಎತ್ತಿ ಸುರಿಯಬೇಕು
ನಾಲ್ಕೂವರೆ ಲೀಟರು.
ಗಂಡ ಪಕ್ಕದಲ್ಲಿ, ಅಲ್ಪವಿರಾಮದ ಆಚೆ,
ಏನನ್ನೂ ಅಳೆಯದೆ
ಸುಮ್ಮನೆ ನಿಂತಿರಬೇಕು.